ಹೂಂ

ಶಾರ್ಜಾದಲ್ಲಿ ಇವತ್ತು ನಲವತ್ತೆಂಟು ಡಿಗ್ರಿ.
ಗಾಜಿನೊಳಗೆ ಮಳೆ, ದಿನಕ್ಕೆ ನಾಲ್ಕು ಸಲ,
ನಾನು ಗುಂಡಿ ಒತ್ತಿದರೆ.

ಟಿಕೆಟ್ ಹರಿಸಿ ಬಂದವರೆಲ್ಲ ಕತ್ತೆತ್ತುತ್ತಾರೆ
ದೊಡ್ಡ ಕೊಕ್ಕಿನ ಬಣ್ಣದ ಹಕ್ಕಿಗೆ,
ನಾಲ್ಕು ಮಾಳಿಗೆ ಎತ್ತರದ ಸಿಮೆಂಟಿನ ಮರಕ್ಕೆ.
ಅವರ ಚಪ್ಪಲಿಯಿಂದ ಒಂದು ಮಾರು ದೂರದಲ್ಲಿ
ನೆಲ ನೋಡುತ್ತ ನಡೆದುಹೋಗುತ್ತದೆ
ಪಚ್ಚೆ ಬೆಳವ.
ಯಾರೂ ಕಾಣುವುದಿಲ್ಲ. ಅದಕ್ಕೆ ಬೇಕಾದ್ದೂ ಅದೇ.

ಬೆನ್ನು ಹಸಿರು.
ಎದೆಗೆ ಪುನರ್ಪುಳಿ ಸಾರು ಚೆಲ್ಲಿ
ಎಷ್ಟು ಒಗೆದರೂ ಹೋಗದ ಕಲೆ.

ನನ್ನ ಕೆಲಸ ಗುಡಿಸುವುದು.
‘ಇದ್ದಿನಬ್ಬಾ, ನೆಲ ಹೊಳೆಯಬೇಕು’ ಎಂದಿದ್ದ ರೊದೆಲ್.
ಹೊಳೆಸಿದೆ.
ಮೂರು ದಿನ ಬೆಳವ ಪೊದೆ ಬಿಟ್ಟು ಬರಲಿಲ್ಲ.
ತರಗೆಲೆಯಿಲ್ಲದ ನೆಲ ಅದಕ್ಕೆ
ಬಾಗಿಲಿಲ್ಲದ ಬಚ್ಚಲು.

ಶುಕ್ರವಾರ, ಸಜ್ಜಾದ ಕ್ಯಾಂಪಿನಲ್ಲಿ,
ಪಳ್ಳಿಯೆದುರಿನ ಬಾದಾಮಿ ಮರದಡಿ
ಅಂಗೈಯಗಲದ ಕೆಂಪೆಲೆಗಳು.
ಅಕ್ಕಿ ಚೀಲಕ್ಕೆ ತುಂಬಿಕೊಂಡೆ.
ಹಾಗೇ ತರುವಂತಿಲ್ಲ, ಹುಳ ಇದ್ದರೆ?
ಇಲ್ಲಿ ಎಲೆಗೂ ಮೆಡಿಕಲ್ ಆಗಬೇಕು.

ಮೀನು ಮಾರ್ಕೆಟಿನ ಐಸ್ ಕೋಣೆಯಲ್ಲಿ
ಮೊಯ್ದುಕುಞಿ ಜಾಗ ಕೊಟ್ಟ.
ಅಂಜಲಿನ ಪೆಟ್ಟಿಗೆಗಳ ನಡುವೆ ಮೂರು ರಾತ್ರಿ
ಹೆಪ್ಪುಗಟ್ಟಿ ಕೂತಿತು ಒಂದು ಚೀಲ ಕಾಡು.
‘ಏನೋ ಇದು?’
‘ಒಂದು ಹಕ್ಕಿಯ ಅಂಗಳ.’
ಅವನು ನಕ್ಕ. ಬಾಡಿಗೆ ಕೇಳಲಿಲ್ಲ.

ಹರಡಿದೆ. ಮಳೆ ಬಿಟ್ಟೆ. ಕಾದೆ.
ಬಂತು,
ಚಿಲ್ಲರೆ ಕಳೆದುಕೊಂಡವರ ಹಾಗೆ
ಒಂದೊಂದೇ ಎಲೆ ಸರಿಸಿ ನೋಡಿತು.
ರೊದೆಲ್ ಕಂಡೂ ಕಾಣದವನಂತೆ
ಆಚೆ ದಾರಿ ಹಿಡಿದ.

ಮತ್ತೊಂದು ದಿನ ಶಾಲೆಮಕ್ಕಳ ಗದ್ದಲ.
ಬೆದರಿ ಎದ್ದ ಬೆಳವ
ಮೊಣಕಾಲೆತ್ತರದಲ್ಲಿ, ಬೀಸಿದ ಕಲ್ಲಿನ ಹಾಗೆ,
ನೇರ ಹೋಗಿ ಗಾಜಿಗೆ.
ಆಚೆಗೆ ಏನಿತ್ತೆಂದು ಹೋಯಿತೋ.
ಮರಳು, ಬಿಸಿಲು, ಸಾಲಾಗಿ ನಿಂತ ಕಾರುಗಳು.

ಗಾಜಿನ ಮೇಲೆ ಬೂದಿಯಂಥ ಅಚ್ಚು:
ಎರಡು ರೆಕ್ಕೆ, ಒಂದು ಎದೆ.

ಬೂಟಿನ ಪೆಟ್ಟಿಗೆಯ ಕತ್ತಲಲ್ಲಿ ಮಲಗಿಸಿ
ರಾತ್ರಿಪಾಳಿ ಪಕ್ಕದಲ್ಲೇ ಕೂತೆ.
ಫ್ಯಾನುಗಳ ಸದ್ದು. ಪೈಪಿನ ಹನಿ.
ಸುಮ್ಮನೆ ಕೂರುವುದು ಸರಿಯೆನಿಸದೆ
ಕತೆ ಶುರುಮಾಡಿದೆ, ಉಮ್ಮ ಹೇಳುತ್ತಿದ್ದಂತೆ.
ಒಂದೂರಲ್ಲಿ ಒಬ್ಬ ಇದ್ದನಂತೆ,
ಅವನ ಹತ್ತಿರ ಒಂದು ಪೊರಕೆ ಇತ್ತಂತೆ.
ಅಲ್ಲಿಗೆ ನಿಂತೆ.
ಹೂಂಗುಡುವವರಿಲ್ಲದೆ ಉಮ್ಮನ ಕತೆ
ಒಂದು ಹೆಜ್ಜೆಯೂ ಮುಂದಿಡುತ್ತಿರಲಿಲ್ಲ.

ಎಷ್ಟು ಹೊತ್ತಾಯಿತೋ,
ಸುಬಹಿಯ ಬಾಂಗಿಗೆ ಇನ್ನೂ ಸಮಯವಿತ್ತು.
ಪೆಟ್ಟಿಗೆಯ ಒಳಗಿಂದ, ತಗ್ಗಿನಲ್ಲಿ,
ಮೂಗಿನಲ್ಲೇ, ಉದ್ದಕ್ಕೆ:

ಹೂಂ.

ಮುಂದಿನದು ನನಗೆ ಗೊತ್ತಿರಲಿಲ್ಲ.
ಆದರೂ ಹೇಳಿದೆ.

ಬೆಳಗ್ಗೆ ಗಾಜೆಲ್ಲ ಒರೆಸಿದೆ,
ಆ ಅಚ್ಚು ಬಿಟ್ಟು.