ಮೇಲ್ದುಟಿ

ಡಾಕ್ಟರು ಉಕ್ಕಿನ ಅಳತೆಕಡ್ಡಿ ಹಿಡಿದು
ಮೂಗಿನ ಬುಡದಿಂದ ತುಟಿಯಂಚಿಗೆ ಅಳೆದರು.
ಹತ್ತೊಂಬತ್ತು, ಅಂದರು. ನರ್ಸು ಬರೆದುಕೊಂಡಳು.
ಕುಶಾಲನಗರದ ಮಹಡಿ ಮೇಲಿನ ಕ್ಲಿನಿಕ್ಕು,
ಕೆಳಗೆ ಪಂಪ್‌ಸೆಟ್ ರಿಪೇರಿಯ ಸದ್ದು,
ತಿಂಗಳಿಗೊಂದು ಗುರುವಾರ ಮೈಸೂರಿಂದ ಬರುವ ಡಾಕ್ಟರು.

ಆ ಜಾಗಕ್ಕೆ ಏನೆನ್ನುತ್ತಾರೋ ನನಗೆ ತಿಳಿಯದು,
ಕನ್ನಡದಲ್ಲೂ, ನಮ್ಮ ಕೊಡವ ತಕ್ಕಿನಲ್ಲೂ.
ಚಿಕ್ಕಂದಿನಿಂದ ತೋಡು ಅನ್ನುತ್ತಿದ್ದೆ,
ನೆಗಡಿಯಾದಾಗ ಹರಿಯುತ್ತದಲ್ಲ, ಅದಕ್ಕೆ.
ನಲವತ್ತು ದಾಟಿದ್ದೇ ತೋಡು ಇನ್ನೂ ಉದ್ದವಾಯಿತು.
ನಕ್ಕರೂ ಮೇಲಿನ ಹಲ್ಲು ಕಾಣದೆ
ಫೋಟೋಗಳಲ್ಲೆಲ್ಲ ನಾನು
ಯಾರ ಮೇಲೋ ಮುನಿಸಿಕೊಂಡವಳು.

ಚುಚ್ಚಿ ಉಬ್ಬಿಸುವ ಮದ್ದು ಸಾಲದೇ? ಕೇಳಿದೆ.
ಉಬ್ಬುತ್ತದೆ, ಏಳುವುದಿಲ್ಲ, ಅಂದರು.
ಇದು ಒಂದೇ ಸಲ. ಹಿಂದಕ್ಕೆ ದಾರಿಯಿಲ್ಲ.
ಚೀಟಿಯ ಬೆನ್ನಿಗೆ ಎತ್ತಿನ ಕೊಂಬು ಬರೆದರು,
ಹೊಳ್ಳೆಗಳ ಕೆಳಗೆ ಎರಡೂ ಕಡೆ ಬಾಗಿದ್ದು:
ಇಷ್ಟು ಚರ್ಮ ತೆಗೆದು, ಎತ್ತಿ, ಹೊಲಿಗೆ.
ಗಾಯದ ಗೆರೆ ಮೂಗಿನ ನೆರಳಲ್ಲಿ ಅಡಗುತ್ತದೆ,
ಹೆಚ್ಚು ಕಮ್ಮಿ.
ಆ ಹೆಚ್ಚು ಕಮ್ಮಿ ನನಗೆ ಚೆನ್ನಾಗಿಯೇ ಕೇಳಿಸಿತು.

ಕೆಲಸವೇನು ನಿಮ್ಮದು?
ಹೀರುವುದು, ಅಂದೆ.
ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತಾರು ವರ್ಷ,
ದಿನಕ್ಕೆ ಅರವತ್ತು ಬಟ್ಟಲು ಕಾಫಿ;
ಚಮಚ ಮೇಲ್ದುಟಿಗೆ ಒತ್ತಿ, ಗಾಳಿ ಸಮೇತ
ಸುರ್ರೆಂದು ಎಳೆದು, ಉಗುಳಿ, ಬರೆಯುವುದು:
ಇದಕ್ಕೆ ಗೋಣಿ ವಾಸನೆ, ಇದಕ್ಕೆ ಹುಳಿ ಹೆಚ್ಚು, ಇದು ಸೈ.
ಅವರು ಪೆನ್ನು ಕೆಳಗಿಟ್ಟರು.
ಆರು ವಾರ ಹೀರಕೂಡದು. ಜೋಮು ಇರುತ್ತದೆ.
ಎಷ್ಟು ದಿನ? ಒಬ್ಬೊಬ್ಬರಿಗೆ ಒಂದೊಂದು ಥರ.

ಕತ್ತರಿಯ ಸದ್ದು ಕೇಳಿಸಿತು, ನೋವು ಕೇಳಿಸಲಿಲ್ಲ.
ಹಲ್ಲಿನ ನೆಪ ಹೇಳಿ ರಜೆ ಹಾಕಿದ್ದೆ.
ದಿನಕ್ಕೆ ಮೂರು ಸಲ ಮುಲಾಮು;
ಮೂಗಿಗೆ ತುಪ್ಪ ಸವರುವುದೆಂದರೆ ಇದೇ ಇರಬೇಕು.

ಮರಳಿದ ದಿನ ಲೆಕ್ಕದ ಸುಲೈಮಾನ್ ಕೇಳಿದ್ದು:
ಕನ್ನಡಕ ಬದಲಿಸಿದಿರಾ?
ಗೇಟಿನ ಪಳನಿ: ತೆಳ್ಳಗಾಗಿದ್ದೀರಿ ಮೇಡಂ.
ತೊಂಬತ್ತು ಸಾವಿರಕ್ಕೆ
ನನಗೊಂದು ಹೊಸ ಕನ್ನಡಕ ಸಿಕ್ಕಿತ್ತು.

ಅವ್ವ ಮಾತ್ರ ಹೊಸ್ತಿಲಲ್ಲೇ ಕಂಡುಹಿಡಿದಳು.
ತುಟಿ ಪಿಟಿಕ್ಕೆನ್ನಲಿಲ್ಲ. ಕಡಂಬುಟ್ಟು ಬಡಿಸಿದಳು,
ಬೇಯಿಸಿದ ಪಾತ್ರೆಯ ಮುಚ್ಚಳ ಒರೆಸುತ್ತ ಒರೆಸುತ್ತ
ಅದರಲ್ಲಿ ತನ್ನ ಮುಖ ನೋಡಿಕೊಂಡು ಕೇಳಿದಳು:
ನನ್ನದೂ ಇಷ್ಟು ಉದ್ದವಾ, ದೇಚು?

ಮೈಸೂರಿನ ಸ್ಟೀಲು ತಟ್ಟೆಯಲ್ಲಿ ನಾನು ಬಿಟ್ಟು ಬಂದ
ಆರು ಮಿಲಿಮೀಟರಿನ ಯಜಮಾನಿ
ನನ್ನೆದುರು ಕೂತು ಮುಚ್ಚಳ ಒರೆಸುತ್ತಿದ್ದಳು.
ಇಲ್ಲ ಅವ್ವ, ಅಂದೆ. ನಾಲಗೆಗೆ ಸುಳ್ಳು ಯಾವಾಗಲೂ ಹಗುರ.
ವಿರಾಜಪೇಟೆಯ ಮದುವೆಯಲ್ಲಿ ಫೋಟೋದವನು ಬಂದಾಗ
ವಸ್ತ್ರದ ತುದಿ ಬಾಯಿಗೆ ತಂದಳು,
ಕೆಮ್ಮು ಬಂದವಳ ಹಾಗೆ.
ಪಕ್ಕದಲ್ಲಿ ನಾನು ನಗುತ್ತಿದ್ದೆ.
ಎರಡು ಹಲ್ಲು ಕಾಣುತ್ತಿತ್ತು, ಕೊಟ್ಟ ದುಡ್ಡಿಗೆ ಸರಿಯಾಗಿ.

ಪಶ್ಚಾತ್ತಾಪವೇ? ಇಲ್ಲ.
ಬೆಳಿಗ್ಗೆ ಕನ್ನಡಿಯಲ್ಲಿ ಸಿಗುವವಳು ಚೆನ್ನಾಗಿದ್ದಾಳೆ,
ಮುನಿಸು ಬಿಟ್ಟಿದ್ದಾಳೆ. ಅದು ಅದೇ, ಇದು ಇದೇ.

ಏಳನೇ ವಾರ ಚಮಚ ಎತ್ತಿದೆ.
ಬೆನ್ನು ಹಾಕಿ ಚೀಟಿ ಅಂಟಿಸುತ್ತಿದ್ದ ಸಫ್ರೀನಾ
ತಟ್ಟನೆ ತಿರುಗಿದಳು, ಯಾರೋ ಹೊಸಬರು ಬಂದರೆಂದು.
ಸುರ್ರ್ ಅಲ್ಲ ಅದು, ಚಿರ್ರ್.
ಮತ್ತೆ ಎಳೆದೆ. ಚಿರ್ರ್.
ಅವಳು ನಕ್ಕಳು, ನಾನೂ.
ಹನ್ನೊಂದನೆಯದಕ್ಕೆ ಗೋಣಿ ವಾಸನೆ ಎಂದು ಬರೆದೆ,
ಅದರಲ್ಲಿ ತಪ್ಪಿಲ್ಲ;
ಆದರೆ ಬಿಸಿ ಎಷ್ಟೆಂದು ತುಟಿ ಹೇಳಲಿಲ್ಲ,
ನಾಲಗೆ ಸುಟ್ಟ ಮೇಲೆ ಗೊತ್ತಾಯಿತು.

ಹನ್ನೆರಡನೆಯದಕ್ಕೆ ಮೊದಲು
ಬೆರಳು ಅದ್ದಿ ನೋಡಿದೆ.