ಅರವತ್ತೊಂದನೇ ಪುಟದಲ್ಲಿ ಮೀನಿನ ಹುರುಪೆ

ನಾರ್ವೆಯ ಪಡುಗಡಲಲ್ಲಿ ಪುಸ್ತಕ ಹೊತ್ತು ತಿರುಗುವ ಹಡಗಿಗೆ
ನಾನು ಎಂಜಿನಿನವನು. ಓದುಗನಲ್ಲ.
ಎಣ್ಣೆ, ಬೋಲ್ಟು, ಪಿಸ್ಟನ್ನಿನ ಎದೆಬಡಿತ, ಇಷ್ಟು ಗೊತ್ತಿತ್ತು.
ದೇವರನ್ನು ಅಪ್ಪನ ಕರಿ ಕೋಟಿನ ಜೊತೆ
ಬೆರ್ಗೆನ್ನಿನ ಬೀರುವಿನಲ್ಲಿ ನೇತುಹಾಕಿ ಬಂದಿದ್ದೆ;
ಒಂದು ನುಸಿಗುಳಿಗೆ ಕೂಡ ಇಟ್ಟಿರಲಿಲ್ಲ.

ಚಳಿಗಾಲಕ್ಕೆ ಎರಡು ಸಲ ಆ ದ್ವೀಪ.
ಏಳು ಮನೆ, ನಲವತ್ತು ಕುರಿ, ಸೊಂಟ ಬಾಗಿದ ಧಕ್ಕೆ,
ಪಾದ್ರಿಯಿಲ್ಲದ ಚರ್ಚು.
ಹಡಗು ಕೂಗಿದರೆ ಗುಡ್‌ವೇಗ್ ಇಳಿದು ಬರುವಳು
ಮೀನಿನ ಪೆಟ್ಟಿಗೆಯಲ್ಲಿ ಓದಿ ಮುಗಿಸಿದ ಪುಸ್ತಕ ಹೊತ್ತು,
ಹಸುಗೂಸಿಗೆ ಹೊದಿಸಿದ ಹಾಗೆ ಮೇಲೊಂದು ಗೋಣಿ.
"ಈ ಸಲ ದಪ್ಪದ್ದು ಕೊಡಿ. ಫೆಬ್ರವರಿ ಬಲು ಉದ್ದ."

ಮರಳಿ ಬಂದವನ್ನು ಒರೆಸಿ ಒಪ್ಪ ಮಾಡುವುದು
ಎಂಜಿನ್ ತಣ್ಣಗಿದ್ದಾಗ ನನ್ನ ಪಾಲಿನ ಕೆಲಸ.
ಅವಳವು ಮೂಗಿಗೇ ಗೊತ್ತು: ಹೊಗೆ, ಕಾಫಿ, ಕುರಿಯುಣ್ಣೆ.
ಗುರುತಿಗೆ ಕೈಗೆ ಸಿಕ್ಕಿದ್ದು ಇಡುವಳು.
ಹೆಣಿಗೆಯ ದಾರ, ಬೆಂಕಿಕಡ್ಡಿ,
ಒಮ್ಮೆ ಗಾಜಿನಂತೆ ಒಣಗಿದ ಆಲೂಗಡ್ಡೆ ಸಿಪ್ಪೆ.
ಅರವತ್ತೊಂದನೇ ಪುಟದಲ್ಲಿ
ಮೀನಿನ ಹುರುಪೆ.

ಆ ಪುಟದಲ್ಲಿ ಅಂಥದ್ದೇನೂ ಇಲ್ಲ.
ಸಾಲ ಮಾಡಿ ಓಡಿಹೋದವನು ಮಳೆಗೆ ಸಿಕ್ಕು
ಸಾಲ ಕೊಟ್ಟವನ ಮನೆಯಲ್ಲೇ ಮಲಗುತ್ತಾನೆ.
ನಸುಕಿನಲ್ಲಿ ಮನೆಯೊಡೆಯ ಸದ್ದಿಲ್ಲದೆ ಎದ್ದು
ಅವನ ಬೂಟಿನ ಕೆಸರು ಒರೆಸುತ್ತಾನೆ.
ಅಷ್ಟೇ. ಮುಂದಿನ ಪುಟದಲ್ಲಿ ಕುದುರೆ ವ್ಯಾಪಾರ.
ಮೂರು ಸಲ ಓದಿದೆ, ದೀಪದ ಕೆಳಗೆ ನಿಂತೇ.
ಗ್ರೀಸಿನ ಹೆಬ್ಬೆರಳು ಅಂಚಿನಲ್ಲಿ ಉಳಿಯಿತು.

ಮುಂದಿನ ಜನವರಿ ಬಿರುಗಾಳಿ ನಮ್ಮನ್ನು ಧಕ್ಕೆಗೆ ಕಟ್ಟಿಹಾಕಿತು.
ಎರಡನೇ ದಿನ ಗುಡ್‌ವೇಗ್ ಬಂದಳು: "ಸುಮ್ಮನೆ ಕೂತಿದ್ದೀರಿ,
ಬನ್ನಿ, ಸೌದೆ ಹೊರಿ."
ಚರ್ಚಿನ ಬೀಗದಕೈ ಮೀನು ಸೀಳುವ ಕೊಟ್ಟಿಗೆಯಲ್ಲಿ,
ಚೂರಿಯ ಪಕ್ಕದ ಮೊಳೆಗೆ.
ಪ್ರತಿ ಶನಿವಾರ ಅವಳು ಅಲ್ಲಿ ಒಲೆ ಹೊತ್ತಿಸುವುದಂತೆ.
ಪಾದ್ರಿ ಬರುವುದು ಈಸ್ಟರಿಗೆ, ಅದೂ ಹವೆ ಒಪ್ಪಿದರೆ.
"ಮತ್ತೆ ಈ ಸೌದೆ ಯಾರಿಗೆ?"
"ಗೋಡೆಗೆ. ಒಮ್ಮೆ ತಣ್ಣಗಾದರೆ
ಕಾಯಲು ಮೂರು ದಿನ ಬೇಕು, ನೋಡಿ."

ನಾನೂ ಕಾಯುತ್ತ ಕೂತೆ.

ಮೊದಲ ಬೆಂಚಿನಲ್ಲಿ ಅವಳ ಗಂಡ ಐಲರ್ಟ್,
ಕಣ್ಣು ಹೋಗಿ ಹನ್ನೊಂದು ವರ್ಷ.
ಅವಳು ಚೀಲದಿಂದ ನಮ್ಮದೇ ಹಡಗಿನ ಕಾದಂಬರಿ ತೆಗೆದು
ನಿನ್ನೆ ನಿಲ್ಲಿಸಿದಲ್ಲಿಂದ ಗಟ್ಟಿಯಾಗಿ ಓದತೊಡಗಿದಳು.
ನಾನು ನಕ್ಕಿರಬೇಕು. ಮುದುಕ ತಿರುಗಿದ:
"ಬೀಜ, ಬಲೆ, ಮೂಲೆಯಲ್ಲಿ ಬಿದ್ದುಹೋದ ಕಾಸು...
ಆತ ಹೇಳಿದ್ದೆಲ್ಲ ಕಥೆಯೇ ತಾನೆ?
ಈಗ ನಮ್ಮ ಸರದಿ. ಕೇಳಲಿ ಬಿಡಿ."

ಹೊರಗೆ ಸಮುದ್ರ ತಗಡು ಬಡಿಯುತ್ತಿತ್ತು.
ಕಥೆಯಲ್ಲಿ ಯಾರೋ ಮದುವೆ ಮುರಿದುಕೊಂಡರು;
ಐಲರ್ಟ್ ಕಣ್ಣೊರೆಸಿಕೊಂಡ, ಕುರುಡುಕಣ್ಣು.
ಅಧ್ಯಾಯ ಮುಗಿದಾಗ ಅವಳು ಮಡಿಲಿನ ಒಣರೊಟ್ಟಿ
ಟಪ್ಪೆಂದು ಮುರಿದು, ದೊಡ್ಡ ತುಂಡು ನನ್ನತ್ತ ಚಾಚಿದಳು,
ಯಾರು, ಏನು, ನಂಬುತ್ತೀಯಾ ಎಂದು ಕೇಳದೆ.
ಅವಳ ಬೆರಳಿನ ಉಪ್ಪು ಅದರಲ್ಲಿತ್ತು.
ನಾನು ಆಮೆನ್ ಅನ್ನಲಿಲ್ಲ.
ಬಾಯಲ್ಲಿ ರೊಟ್ಟಿಯಿತ್ತು.

ಹುರುಪೆಯನ್ನು ನಾನು ತೆಗೆದಿರಲಿಲ್ಲ.
ಆ ಪುಸ್ತಕ ಉತ್ತರದ ದ್ವೀಪಗಳಿಗೆಲ್ಲ ಹೋಯಿತು,
ನವೆಂಬರಿನಲ್ಲಿ ಮರಳಿ ಬಂದಾಗ ಹುರುಪೆ ಅಲ್ಲೇ,
ನನ್ನ ಹೆಬ್ಬೆರಳಿನ ಕಪ್ಪು ಅಲ್ಲೇ,
ಪಕ್ಕದಲ್ಲಿ ಯಾರದೋ ಹಣ್ಣಿನ ಜಾಮಿನ ಕಲೆ,
ಚಿಕ್ಕ ಬೆರಳು, ಮಗುವಿನದಿರಬೇಕು.
ಗ್ರಂಥಪಾಲಕಿ ಒರೆಸೆಂದಳು. ಹೂಂ ಎಂದೆ.
ಒರೆಸಲಿಲ್ಲ.

ಕಳೆದ ತಿಂಗಳು ಅಪ್ಪನ ಕೋಟು ತರಿಸಿದೆ.
ಎರಡು ಕಡೆ ನುಸಿ ತಿಂದಿದೆ, ತೋಳು ಗಿಡ್ಡ.
ಎಂಜಿನ್ ಕೋಣೆಗೆ ಹಾಕುವಂಥದ್ದಲ್ಲ;
ಶನಿವಾರ ಹಾಕಿಕೊಳ್ಳುತ್ತೇನೆ.