ಮಡಿಕೇರಿ ರೋಡ್

ನಮ್ಮ ಜಿಲ್ಲೆಗೆ ರೈಲಿಲ್ಲ.
ಅದಕ್ಕೆ ನಾನೇ ತಂದೆ,
ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಮೇಲೆ,
ಮಹದೇವಪೇಟೆಯ ಇಳಿಜಾರಲ್ಲಿ
ಹಲ್ಲುಸೆಟ್ಟು ಕಟ್ಟುವ ನನ್ನ ಕೋಣೆಯ ಹಿಂದೆ.

ಗುಡ್ಡಗಳೆಲ್ಲ ಪ್ಲಾಸ್ಟರು,
ಊರವರ ಬಾಯಿಯ ಅಚ್ಚು ತೆಗೆದು ಉಳಿದದ್ದು.
ಒಂದು ಗುಡ್ಡದೊಳಗೆ, ಯಾರಿಗೂ ಹೇಳಬೇಡಿ,
ತೀರಿಹೋದ ಹೆಡ್‌ಮಾಸ್ಟರ ಮೇಲ್ದವಡೆಯ ಅಚ್ಚೇ ಇದೆ.
ಸುರಂಗಕ್ಕೆ ಕಮಾನು ಬೇಕಿತ್ತು; ಅವರದು ಒಳ್ಳೇ ಅಗಲ.
ಕಾಫಿ ಗಿಡವೆಂದರೆ ಹಸಿರು ಬಳಿದ ತೆಂಗಿನ ನಾರು,
ಹಣ್ಣೆಂದರೆ ಸಾಸಿವೆ, ಕೆಂಪು ನೈಲ್ ಪಾಲಿಶಿನಲ್ಲಿ ಅದ್ದಿದ್ದು.
ಒಂದೊಂದನ್ನೇ ಅಂಟಿಸಿದವಳು ಸೆಲಿನ್,
ನನ್ನನ್ನು ಬೈಯುತ್ತಲೇ.

ನಿಲ್ದಾಣಕ್ಕೆ ಹಳದಿ ಹಲಗೆ. ಹೆಸರು?
ಊರಿಂದ ದೂರವಿದ್ದರೆ ರೈಲ್ವೆಯವರು
ಹೆಸರಿಗೊಂದು ‘ರೋಡ್’ ಸೇರಿಸುತ್ತಾರಲ್ಲ,
ಹಾಗೇ ಬರೆದೆ: ಮಡಿಕೇರಿ ರೋಡ್.
ಇರುವುದು ಊರ ನಡುವೆ. ಆದರೂ
ಇದಕ್ಕಿಂತ ದೂರದ ನಿಲ್ದಾಣ ನನಗೆ ಗೊತ್ತಿಲ್ಲ.

ಮಧ್ಯಾಹ್ನವೆಲ್ಲ ಓಡುತ್ತದೆ.
ಐದೂವರೆಗೆ ಕಣಿವೆಯಿಂದ ಮಂಜು ಹತ್ತಿ ಬಂದು
ಕಿಟಕಿಗೆ ಮೂಗು ಒತ್ತುವ ಹೊತ್ತಿಗೆ,
ಎರಡನೇ ಸೇತುವೆ ದಾಟಿ ಒಂದು ಗೇಣು,
ನಿಂತುಬಿಡುತ್ತದೆ ಇಂಜಿನ್ನು,
ಬಸ್ ಸ್ಟ್ಯಾಂಡಿಗೆ ಬಂದ ಮೇಲೆ
ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನಿಂತವನ ಹಾಗೆ.
ಬೆರಳಲ್ಲಿ ತುಸು ತಳ್ಳಿದರೆ
ಏನೂ ಆಗಲೇ ಇಲ್ಲವೆಂಬಂತೆ ಹೊರಡುತ್ತದೆ.

ಗಾಲಿಗೆ ಸ್ಪಿರಿಟ್ ಒರೆಸಿದೆ. ಹಳಿಗೆ ರಬ್ಬರ್ ಉಜ್ಜಿದೆ.
ಮೀಟರ್ ಇಟ್ಟು ನೋಡಿದೆ: ಇಲ್ಲೂ ಹನ್ನೆರಡು ವೋಲ್ಟು, ಅಲ್ಲೂ ಹನ್ನೆರಡು.
ತಂತಿ ಬಿಚ್ಚಿ ಹೊಸ ಬೆಸುಗೆ ಹಾಕಿದೆ;
ಬೆರಳು ಸುಟ್ಟಿತು, ಇಂಜಿನ್ನು ನಿಂತಿತು.
ಗ್ಯಾರೇಜಿನ ಜುಬೈರ್ ಬಂದು ಬಗ್ಗಿ ನೋಡಿ ‘ಥಂಡಿ’ ಎಂದ,
ಎಲ್ಲ ಜೀಪಿಗೂ ಹೇಳುವುದನ್ನೇ.
ಸೆಲಿನ್ ಮಾತ್ರ: ಹೆಡ್‌ಮಾಸ್ಟರು
ಹಾಜರಿ ತೆಗೆದುಕೊಳ್ಳುತ್ತಿದ್ದಾರೆ.

ಶುಕ್ರವಾರ ಸಂತೆ ಮುಗಿಸಿ ಬೊಳ್ಳಮ್ಮ ಬಂದರು.
ಚೀಲದ ತಳದಲ್ಲಿ ಹಲ್ಲು, ಹಲ್ಲಿನ ಮೇಲೆ ಎರಡು ಕಿಲೋ ಬೀನ್ಸು.
‘ಎಡಗಡೆ ಕುಕ್ಕುತ್ತೆ ಲಿಗೋರಿ. ಹಗಲು ಸರಿಯಿರುತ್ತೆ,
ಸಂಜೆಯಾದರೆ ಕುಕ್ಕುತ್ತೆ.’
ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ
ನೀಲಿ ಕಾಗದ ಇಟ್ಟೆ. ಕಚ್ಚಿ. ಇನ್ನೊಮ್ಮೆ ಕಚ್ಚಿ.
ತೆಗೆದು ನೋಡಿದರೆ ಒಂದೇ ಹಲ್ಲಿನ ತುದಿಗೆ ಕಡುನೀಲಿ ಚುಕ್ಕೆ,
ಅಕ್ಕಪಕ್ಕ ಎಲ್ಲ ಬಿಳಿ.
ಕೂದಲೆಳೆಯಷ್ಟು ಎತ್ತರ ಇದೆ, ಅಷ್ಟೇ, ಎಂದೆ;
ಒಂದು ಎದ್ದು ನಿಂತರೆ ಉಳಿದದ್ದು
ಮುಟ್ಟುವುದೇ ಇಲ್ಲ, ಎಂದೆ,

ಎನ್ನುತ್ತಲೇ ನಿಂತುಬಿಟ್ಟೆ,
ಎರಡನೇ ಸೇತುವೆ ದಾಟಿ ಒಂದು ಗೇಣು.

ಬೊಳ್ಳಮ್ಮನನ್ನು ತೆರೆದ ಬಾಯಲ್ಲೇ ಬಿಟ್ಟು ಒಳಗೆ ಓಡಿದೆ.
ಹಳಿಯ ಮೇಲೆ ನೀಲಿ ಕಾಗದ ಹಾಸಿ
ಇಂಜಿನ್ನಿಗೂ ಹೇಳಿದೆ, ಕಚ್ಚು.
ಕೈಯಲ್ಲೇ ಮೆಲ್ಲಗೆ ಉರುಳಿಸಿದೆ.
ನೀಲಿ, ನೀಲಿ, ನೀಲಿ, ಜೋಡಣೆಯ ತುದಿಗೆ ಕಡುನೀಲಿ,
ಆಮೇಲೆ ಅರ್ಧ ಇಂಚು ಏನೂ ಇಲ್ಲ.
ಅಷ್ಟು ದೂರ ಗಾಲಿ ಗಾಳಿಯಲ್ಲಿತ್ತು.
ಸಂಜೆಯ ಮಂಜು ಕುಡಿದು ಹಲಗೆ ಉಬ್ಬುತ್ತದೆ,
ಹಳಿಯ ತುದಿ ಏಳುತ್ತದೆ.
ಬೊಳ್ಳಮ್ಮನ ಒಸಡೂ ಹಾಗೇ ಇರಬಹುದು;
ಇಷ್ಟು ವರ್ಷ ಕೇಳಿರಲಿಲ್ಲ ನಾನು.

ಒಂದೇ ಡ್ರಿಲ್. ಮೊದಲು ಹಳಿ ಅರೆದೆ.
ಕಲ್ಲು ಬದಲಿಸಿ, ಕೈ ತೊಳೆದು, ಆಮೇಲೆ ಹಲ್ಲು.
ಕ್ರಮ ತಪ್ಪು, ಒಪ್ಪುತ್ತೇನೆ.

ಹಲ್ಲು ಹಾಕಿಕೊಂಡು ಬೊಳ್ಳಮ್ಮ ಒಳಗೇ ಬಂದು ಕೂತರು.
‘ಎಲ್ಲಿಗೆ ಹೋಗುತ್ತೆ ಇದು?’
ಸುತ್ತು ಹಾಕಿ ಇಲ್ಲಿಗೇ.
‘ಮತ್ತೆ ಮನೆಯಲ್ಲೇ ಕೂರಬಹುದಲ್ಲ.’
ಎಂದರೂ ಎದ್ದು ಹೋಗಲಿಲ್ಲ.
ಹೊರಗೆ ಮಂಜು, ಐದೂ ಮುಕ್ಕಾಲು.
ಮೊದಲನೇ ಸೇತುವೆ. ಎರಡನೇ ಸೇತುವೆ. ಒಂದು ಗೇಣು.
ಇಬ್ಬರೂ ಹಲ್ಲು ಕಚ್ಚಿ ನೋಡಿದೆವು.
ದಾಟಿತು.
ಸಾಸಿವೆ ಹಣ್ಣಾದ ತೋಟ ದಾಟಿ, ಹಳದಿ ಹಲಗೆ ದಾಟಿ
ಸುರಂಗ ಹೊಕ್ಕಿತು.

ಕಾದೆವು.

ಅಡುಗೆಮನೆಯಿಂದ ಸೆಲಿನ್, ತಿರುಗಿಯೂ ನೋಡದೆ:
‘ಹಾಜರಿ.’